ಅಜ್ಜಿಯ ಫೋನಿಗೆ ಯಾವ ರೀಚಾರ್ಜ್ ಸರಿ?

[ತೆರೆಯ ಮೇಲೆ: ಕೀಪ್ಯಾಡ್ ಫೋನಿನ ಹಸಿರು ಗುಂಡಿ ಒತ್ತುತ್ತಿರುವ ವಯಸ್ಸಾದ ಕೈ]

ನಮಸ್ಕಾರ. ಊರಿನಲ್ಲಿರುವ ಅಜ್ಜಿಗೆ ಫೋನಿನಿಂದ ಆಗಬೇಕಾದ ಕೆಲಸ ಎರಡೇ. ಮಕ್ಕಳು, ಮೊಮ್ಮಕ್ಕಳು ಮಾಡಿದ ಕರೆ ಬರಬೇಕು. ಬೇಕೆನಿಸಿದಾಗ ತಾವೂ ಕರೆ ಮಾಡುವಂತಿರಬೇಕು. ಹೀಗಿದ್ದರೂ ನಾವು ಹಾಕಿಸುವುದು ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವ ಪ್ಯಾಕ್. ಕೀಪ್ಯಾಡ್ ಫೋನಿನಲ್ಲಿ ಆ ಡೇಟಾವನ್ನು ಬಳಸುವವರೇ ಇಲ್ಲ. ಪಿಂಚಣಿಯಲ್ಲಿ ಬದುಕುವವರ ದುಡ್ಡು ಹೀಗೆ ಪೋಲಾಗಬಾರದು.

ಮೊದಲು ಹಳೆಯ ಪದ್ಧತಿಯ ವಿಷಯ. ಹತ್ತು ರೂಪಾಯಿ ಕರೆನ್ಸಿ ಹಾಕಿಸಿ ಮಾತಾಡಿದಷ್ಟಕ್ಕೆ ಮಾತ್ರ ದುಡ್ಡು ಕೊಡುವ ಕಾಲವೊಂದಿತ್ತು. ಹತ್ತು ರೂಪಾಯಿಯ ಟಾಪ್‌ಅಪ್ ಈಗಲೂ ಇದೆ, 7 ರೂಪಾಯಿ 47 ಪೈಸೆ ಟಾಕ್‌ಟೈಮ್ ಸಿಗುತ್ತದೆ. ಆದರೆ ಅದರೊಂದಿಗೆ ವ್ಯಾಲಿಡಿಟಿ ಬರುವುದಿಲ್ಲ. 2018ರ ಕೊನೆಯಲ್ಲಿ ಖಾಸಗಿ ಕಂಪನಿಗಳು 28 ದಿನಕ್ಕೆ 35 ರೂಪಾಯಿಯ ಕನಿಷ್ಠ ರೀಚಾರ್ಜ್ ತಂದವು. ಅಂದಿನಿಂದ ಒಳಬರುವ ಕರೆಗೂ ವ್ಯಾಲಿಡಿಟಿ ಬೇಕು. 2024ರ ಜುಲೈ ದರ ಏರಿಕೆಯ ನಂತರ ಏರ್‌ಟೆಲ್‌ನಲ್ಲಿ 28 ದಿನದ ಆರಂಭಿಕ ಪ್ಯಾಕ್ 199 ರೂಪಾಯಿಗೆ ಬಂದು ನಿಂತಿತು. ತಿಂಗಳಿಗೊಮ್ಮೆ ಎಂದುಕೊಳ್ಳುತ್ತೇವೆ, ಆದರೆ 28 ದಿನದ ಲೆಕ್ಕದಲ್ಲಿ ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕು. ಒಟ್ಟು 2,587 ರೂಪಾಯಿ.

2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಒಳ್ಳೆಯ ನಿಯಮ ತಂದಿತು. ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಎಂಎಸ್ ಇರುವ ಪ್ಯಾಕ್ ಒಂದನ್ನಾದರೂ ಪ್ರತಿ ಕಂಪನಿ ಕೊಡಲೇಬೇಕು. ಇಂಥ ವೋಚರ್‌ಗಳ ಅವಧಿಯ ಮಿತಿಯನ್ನೂ 90 ದಿನದಿಂದ 365 ದಿನಕ್ಕೆ ಏರಿಸಿತು. ಹಿರಿಯರಿರುವ ಮನೆಗಳಿಗೆ ಇಷ್ಟು ನೇರವಾಗಿ ಉಪಯೋಗಕ್ಕೆ ಬರುವ ನಿಯಮ ಈಚೆಗೆ ಮತ್ತೊಂದು ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

[ತೆರೆಯ ಮೇಲೆ: ಏರ್‌ಟೆಲ್ 1,849 ರೂ., 365 ದಿನ. ಜಿಯೋ 1,748 ರೂ., 336 ದಿನ.]

2025ರ ಜನವರಿಯಲ್ಲಿ ನಿಗದಿಯಾದ ದರಗಳಿವು. ನೋಡಿದ ಕೂಡಲೇ ಜಿಯೋ ನೂರು ರೂಪಾಯಿ ಅಗ್ಗ ಅನ್ನಿಸುತ್ತದೆ. ದಿನದ ಲೆಕ್ಕ ಹಾಕಿ: 1,748ನ್ನು 336ರಿಂದ ಭಾಗಿಸಿದರೆ 5 ರೂಪಾಯಿ 20 ಪೈಸೆ, 1,849ನ್ನು 365ರಿಂದ ಭಾಗಿಸಿದರೆ ಸುಮಾರು 5 ರೂಪಾಯಿ 7 ಪೈಸೆ. ಕಡಿಮೆ ಬೆಲೆಯದ್ದೇ ದುಬಾರಿಯಾಯಿತು. ಹನ್ನೆರಡು ಸಲ 28 ಎಂದರೆ 336, ವರ್ಷಕ್ಕೆ 29 ದಿನ ಕಡಿಮೆ. ಹಾಗಾಗಿ ಯಾವ ಪ್ಯಾಕ್ ಕಂಡರೂ ಬೆಲೆಯನ್ನು ದಿನಗಳಿಂದ ಭಾಗಿಸಿ ನೋಡಿ. ದರಗಳು ಬದಲಾಗುತ್ತಿರುತ್ತವೆ, ಹಾಕಿಸುವ ದಿನ ಟ್ರಾಯ್‌ನ ಟ್ಯಾರಿಫ್ ಪೋರ್ಟಲ್‌ನಲ್ಲಿ ಹೋಲಿಸಿ ನೋಡುವುದು ಒಳ್ಳೆಯದು. ಒಂದೇ ಸಲ ಅಷ್ಟು ದುಡ್ಡು ಹೊಂದಿಸುವುದು ಕಷ್ಟವಾದರೆ 84 ದಿನದ ಪ್ಯಾಕ್‌ಗಳೂ ಇವೆ.

ದುಡ್ಡಿಗಿಂತ ಮುಖ್ಯವಾದದ್ದು ಅಜ್ಜಿಯ ಕೈಯಲ್ಲಿರುವ ಫೋನ್. ಜಿಯೋಗೆ 2ಜಿ ಜಾಲವೇ ಇಲ್ಲ. ಹಳೆಯ 2ಜಿ ಕೀಪ್ಯಾಡ್ ಫೋನಿಗೆ ಆ ಸಿಮ್ ಹಾಕಿದರೆ ಸಿಗ್ನಲ್ ಬರುವುದಿಲ್ಲ. 4ಜಿ ಕೀಪ್ಯಾಡ್ ಫೋನ್ ಬೇಕು. ಫೋನ್ ಬದಲಿಸುವ ಯೋಚನೆಯಿದ್ದರೆ ಸ್ವಲ್ಪ ತಡೆಯಿರಿ. ಹತ್ತು ವರ್ಷದಿಂದ ಬೆರಳಿಗೆ ಅಭ್ಯಾಸವಾದ ಗುಂಡಿಗಳನ್ನು ಎಂಬತ್ತರ ವಯಸ್ಸಿನಲ್ಲಿ ಮರೆತು ಹೊಸದನ್ನು ಕಲಿಯುವುದು ಸುಲಭವಲ್ಲ. ಮಲೆನಾಡಿನ ಎಷ್ಟೋ ಊರುಗಳಲ್ಲಿ ಟವರ್ ಇರುವುದು ಬಿಎಸ್ಎನ್ಎಲ್‌ನದು ಮಾತ್ರ. ಅಲ್ಲಿ ದರಪಟ್ಟಿ ನೋಡುವ ಮೊದಲು ಅಜ್ಜಿ ಕೂರುವ ಜಗಲಿಯಲ್ಲಿ ಯಾವ ಸಿಗ್ನಲ್ ಸಿಗುತ್ತದೆ ಎಂದು ನೋಡಿ. ಕಂಪನಿ ಬದಲಿಸಬೇಕಾದರೆ ಸಂಖ್ಯೆ ಅದೇ ಉಳಿಯುತ್ತದೆ. ಅವರ ಫೋನಿನಿಂದ ಪೋರ್ಟ್ ಎಂದು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು ಹತ್ತು ಅಂಕಿಯ ಸಂಖ್ಯೆ ಹಾಕಿ 1900ಕ್ಕೆ ಕಳಿಸಿದರೆ ಹೊಸ ಕಂಪನಿಗೆ ಕೊಡಬೇಕಾದ ಕೋಡ್ ಬರುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಕರೆ ಮಾಡುವ ಅತ್ತೆಯೋ ದೊಡ್ಡಪ್ಪನೋ ಇದ್ದರೆ ಮನೆಯಲ್ಲಿ ವೈಫೈ ಇದೆಯೇ ಎಂದು ಕೇಳಿ. ಇದ್ದರೆ ಕರೆಯ ಪ್ಯಾಕ್ ಸಾಕು, ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿಡಿ. ಇಲ್ಲದಿದ್ದರೆ ಡೇಟಾ ಇರುವ ಪ್ಯಾಕ್ ಹಾಕಿಸುವುದೇ ಸರಿ. ಮೊಮ್ಮಗುವಿನ ಮುಖ ನೋಡುವುದಕ್ಕೆ ಜಿಪುಣತನ ಬೇಡ.

[ತೆರೆಯ ಮೇಲೆ: 1909]

ಜಾಹೀರಾತಿನ ಕರೆಗಳ ಕಾಟ ತಪ್ಪಿಸಲು ಅವರ ಫೋನಿನಿಂದಲೇ 1909ಕ್ಕೆ ಕರೆ ಮಾಡಿ ನೋಂದಾಯಿಸಿ.

ಇನ್ನು ಸಂಖ್ಯೆ ರದ್ದಾಗದಂತೆ ನೋಡಿಕೊಳ್ಳುವ ವಿಚಾರ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಗ್ಯಾಸ್ ಬುಕಿಂಗ್ ಎಲ್ಲವೂ ಇದೇ ಸಂಖ್ಯೆಗೆ ಜೋಡಣೆಯಾಗಿರುತ್ತವೆ. ಸತತ 90 ದಿನ ಬಳಕೆಯೇ ಇಲ್ಲದಿದ್ದರೆ ಕಂಪನಿ ಪ್ರೀಪೇಯ್ಡ್ ಸಂಖ್ಯೆಯನ್ನು ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿತ ಮಾಡಿಕೊಂಡು ಇನ್ನು 30 ದಿನ ಉಳಿಸಿಕೊಡಬೇಕೆಂಬ ನಿಯಮ 2013ರಿಂದ ಇದೆ. ರದ್ದಾದ ಸಂಖ್ಯೆಯನ್ನು ಕನಿಷ್ಠ 90 ದಿನ ಯಾರಿಗೂ ಕೊಡುವುದಿಲ್ಲ. ಆಮೇಲೆ ಅಪರಿಚಿತರ ಕೈಗೆ ಹೋಗಬಹುದು, ಅಜ್ಜಿಯ ಬ್ಯಾಂಕಿನ ಒಟಿಪಿ ಅವರಿಗೆ ಹೋಗುತ್ತದೆ. ವರ್ಷದ ಪ್ಯಾಕ್‌ನಲ್ಲಿ ಮುಗಿಯುವ ದಿನ ಮರೆತುಹೋಗುವುದು ಸಹಜ, ಎಚ್ಚರಿಕೆಯ ಸಂದೇಶವನ್ನು ಅಜ್ಜಿ ಓದಲಾರರು. ಆದ್ದರಿಂದ ರೀಚಾರ್ಜ್ ಮಾಡಿಸಿದ ಕೂಡಲೇ ನಿಮ್ಮ ಫೋನಿನಲ್ಲಿ, ಮುಗಿಯುವ ದಿನಕ್ಕೆ ಒಂದು ವಾರ ಮೊದಲಿಗೆ ರಿಮೈಂಡರ್ ಇಡಿ. ಮನೆಯ ಇನ್ನೊಬ್ಬರ ಫೋನಿನಲ್ಲೂ ಇಡಿಸಿ.