ಹಸಿವು ಬಾಯಿಯದ್ದಲ್ಲ

ನಮಸ್ಕಾರ. ಈಗ ಊಟದ ಹೊತ್ತು. ನೀವು ಕೇಳುತ್ತಿರುವಾಗಲೇ ಯಾರದೋ ಮನೆಯಲ್ಲಿ ದಪ್ಪಗಿರುವ ಹುಡುಗನೊಬ್ಬ ಇನ್ನೊಂದು ಸಲ ಅನ್ನಕ್ಕೆ ತಟ್ಟೆ ಚಾಚಿರುತ್ತಾನೆ, "ಬಾಯಿಚಪಲ ಸ್ವಲ್ಪ ಕಡಿಮೆ ಮಾಡೋ" ಅಂತ ಬೈಸಿಕೊಂಡಿರುತ್ತಾನೆ. ದಯವಿಟ್ಟು ಹಾಗೆ ಬೈಯಬೇಡಿ. ಹಸಿವು ಬಾಯಿಯದ್ದಲ್ಲ, ಮೆದುಳಿನದ್ದು.

ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಡಗ್ಲಸ್ ಕೋಲ್‌ಮನ್ ಅಂತ ಒಬ್ಬ ವಿಜ್ಞಾನಿ ಇದ್ದರು. ಅವರ ಹತ್ತಿರ ತಿಂದು ತಿಂದು ಊದಿಕೊಳ್ಳುವ ಎರಡು ತಳಿಯ ಇಲಿಗಳಿದ್ದವು. ಅಂಥ ಒಂದು ದಪ್ಪ ಇಲಿಯನ್ನೂ ಒಂದು ಸಾಮಾನ್ಯ ಇಲಿಯನ್ನೂ ಪಕ್ಕಕ್ಕೆ ಪಕ್ಕ ಹೊಲಿದುಬಿಟ್ಟರು, ಒಂದರ ರಕ್ತ ಇನ್ನೊಂದಕ್ಕೆ ಸೇರುವ ಹಾಗೆ. ಮೊದಲ ತಳಿಯ ದಪ್ಪ ಇಲಿ ತಿನ್ನುತ್ತಲೇ ಹೋಯಿತು, ಅದಕ್ಕೆ ಅಂಟಿಕೊಂಡಿದ್ದ ಸಾಮಾನ್ಯ ಇಲಿ ಊಟ ಬಿಟ್ಟು ಉಪವಾಸ ಸತ್ತಿತು. ಯೋಚಿಸಿ ನೋಡಿ! ಎರಡನೇ ತಳಿಯಲ್ಲಿ ಆದದ್ದೇ ಬೇರೆ. ಸಾಮಾನ್ಯ ಇಲಿಯ ರಕ್ತ ಸೇರಿದ ಮೇಲೆ ದಪ್ಪ ಇಲಿಯೇ ತಿನ್ನುವುದು ಕಡಿಮೆ ಮಾಡಿತು. ಅಂದರೆ "ಸಾಕು" ಅನ್ನುವ ಸುದ್ದಿ ರಕ್ತದಲ್ಲೇ ಓಡಾಡುತ್ತದೆ. ಮೊದಲನೆಯದಕ್ಕೆ ಸುದ್ದಿ ಬೇಕಾದಷ್ಟಿತ್ತು, ಕೇಳುವ ಕಿವಿ ಇರಲಿಲ್ಲ. ಎರಡನೆಯದಕ್ಕೆ ಕಿವಿ ಇತ್ತು, ಸುದ್ದಿಯೇ ಇರಲಿಲ್ಲ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡಕ್ಕೆ ಆ ಸುದ್ದಿಯ ಜೀನ್ ಸಿಕ್ಕಿತು. ಆ ಸುದ್ದಿಯೇ ಲೆಪ್ಟಿನ್, ನಮ್ಮ ಮೈಯ ಕೊಬ್ಬಿನಿಂದಲೇ ಹೊರಡುವ ಹಾರ್ಮೋನು.

ಇಲಿಗಳ ಕಥೆಯಲ್ಲೇ ಸಮಯ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. 1999ರಲ್ಲಿ ಜಪಾನಿನವರು ಗ್ರೆಲಿನ್ ಅನ್ನುವ, ಹಸಿವು ಹುಟ್ಟಿಸುವ ಹಾರ್ಮೋನನ್ನು ಕಂಡುಹಿಡಿದರು. ಪ್ರೋಟೀನಿನ ಬಿಡಿ ಮಣಿಗಳಾದ ಅಮೈನೋ ಆಮ್ಲಗಳನ್ನು 28 ಪೋಣಿಸಿದ ಪುಟ್ಟ ಸರ ಅದು, ಇಂಥದ್ದಕ್ಕೆ ಪೆಪ್ಟೈಡ್ ಅನ್ನುತ್ತಾರೆ. ಹೊಟ್ಟೆ ಖಾಲಿಯಾದಾಗ ಜಠರ ಇದನ್ನು ಜಾಸ್ತಿ ಬಿಡುತ್ತದೆ, ಇದು ಮೆದುಳಿನಲ್ಲಿ ಡೋಪಮಿನ್ ಏರಿಸುತ್ತದೆ. ಡೋಪಮಿನ್ ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕ, "ಬೇಕು, ಈಗಲೇ ಬೇಕು" ಅನ್ನಿಸುವುದು ಅದರಿಂದ. ಹಸಿದಾಗ ಬೋಂಡಾ ವಾಸನೆಗೆ ಕಾಲು ತಾನೇ ನಿಲ್ಲುತ್ತದೆ. ಊಟ ಮುಗಿಸಿ ಬಂದರೆ ಅದೇ ಗಾಡಿಯನ್ನು ಸುಮ್ನೆ ದಾಟಿ ಹೋಗುತ್ತೇವೆ, ಅಲ್ವಾ? ಲೆಪ್ಟಿನ್ ಅದೇ ಡೋಪಮಿನ್ನನ್ನು ತಗ್ಗಿಸುತ್ತದೆ. ಪಥ್ಯ ಮಾಡಿ ತೂಕ ಇಳಿಸಿದವರಲ್ಲಿ ಗ್ರೆಲಿನ್ ಏರುತ್ತದೆ, ಲೆಪ್ಟಿನ್ ಇಳಿಯುತ್ತದೆ, ಹಸಿವು ಮೊದಲಿಗಿಂತ ಜೋರಾಗುತ್ತದೆ. ಇದರಲ್ಲಿ ಬಾಯಿಚಪಲ ಎಲ್ಲಿ ಬಂತು, ಹೇಳಿ?

ಇಂಗ್ಲೆಂಡಿನಲ್ಲಿ ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಒಂದು ಹುಡುಗಿ ಇದ್ದಳು. ವಯಸ್ಸು 9, ತೂಕ 94 ಕಿಲೋ. ಎಷ್ಟು ತಿಂದರೂ ಹಸಿವು. ವೈದ್ಯರು ದಿನಾ ಲೆಪ್ಟಿನ್ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಗಳಲ್ಲಿ ಅವಳ ಊಟ ಕಡಿಮೆಯಾಯಿತು, ಒಂದು ವರ್ಷದಲ್ಲಿ 16 ಕಿಲೋ ಇಳಿದಳು.