ಮೊಳೆ ಅವರದು, ಈಟಿ ಇವರದು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ಮೊಳೆಯ ವಿಷಯ ಹೇಳ್ತೀನಿ. ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ, ನಾಲ್ಕು ಮೂಲೆಯ ಕಬ್ಬಿಣದ ಮೊಳೆ. ಕೆನಡಾದ ಪೂರ್ವದಲ್ಲಿ ಲ್ಯಾಬ್ರಡಾರ್ ಅಂತ ಚಳಿಯ ಕರಾವಳಿ ಇದೆ. ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನ ಬಾಳಿದ ಹಳೇ ಮನೆಗಳನ್ನು ಅಗೆದರೆ ಇಂಥ ಮೊಳೆಗಳು ಸಿಗುತ್ತವೆ. ಆದರೆ ಎಷ್ಟೋ ಮೊಳೆಗಳ ಆಕಾರವೇ ಬದಲಾಗಿದೆ. ತಲೆ ಚಪ್ಪಟೆಯಾಗಿದೆ, ಅಂಚು ಹರಿತವಾಗಿದೆ. ಯಾರೋ ಕೂತು, ಕಬ್ಬಿಣವನ್ನು ಕಾಯಿಸದೆಯೇ ಬಡಿದು ತೆಳ್ಳಗೆ ಮಾಡಿ, ಮಸೆದು, ಬಾಣದ ಮೊನೆಯನ್ನೋ ಈಟಿಯ ಅಲಗನ್ನೋ ಮಾಡಿಕೊಂಡಿದ್ದಾರೆ.

ಮೊಳೆ ಬಂದದ್ದು ಯುರೋಪಿನಿಂದ. 16ನೇ ಶತಮಾನದಲ್ಲಿ ಸ್ಪೇನ್, ಫ್ರಾನ್ಸ್ ಗಡಿಯ ಬಾಸ್ಕ್ ಜನ ತಿಮಿಂಗಿಲ ಹಿಡಿಯಲು ಲ್ಯಾಬ್ರಡಾರಿನ ರೆಡ್ ಬೇ ಎಂಬ ಜಾಗಕ್ಕೆ ಬರುತ್ತಿದ್ದರು. ಕೊಬ್ಬು ಕಾಯಿಸಿ ದೀಪದ ಎಣ್ಣೆ ತೆಗೆದು ಊರಿಗೆ ಸಾಗಿಸುತ್ತಿದ್ದರು. ಆಮೇಲೆ ಮೀನಿಗಾಗಿ ಫ್ರೆಂಚರು, ಇಂಗ್ಲಿಷರು ಬಂದರು. ಚಳಿಗಾಲ ಬಂತೆಂದರೆ ಇವರಲ್ಲಿ ಹೆಚ್ಚಿನವರು ದೋಣಿ, ಅಟ್ಟಣೆ ಎಲ್ಲಾ ಅಲ್ಲೇ ಬಿಟ್ಟು ಮನೆಗೆ ಹೋಗುವರು. ಇನ್ಯುಯಿಟ್ ಜನ ಬಂದು ಮರ ಸುಟ್ಟು ಮೊಳೆ ಆರಿಸಿಕೊಳ್ಳುವರು. ಯುರೋಪಿನವರ ಕಾಗದಪತ್ರದಲ್ಲಿ ಇದು ಕಳ್ಳತನ. ಯಾರದೋ ನೆಲದಲ್ಲಿ ಕೇಳದೆ ಕಟ್ಟಿ, ವರ್ಷಕ್ಕೆ ಆರೇಳು ತಿಂಗಳು ಬಿಟ್ಟು ಹೋದವರು ಬೇರೆ ಇನ್ನೇನು ಬರೆದಾರು, ಅಲ್ವಾ?

ಕಬ್ಬಿಣ ಬಂತು ಅಂತ ಬೇಟೆಯ ರೀತಿ ಬದಲಾಗಲಿಲ್ಲ. ಸೀಲ್ ಬೇಟೆಯ ಈಟಿಯ ತುದಿ ಒಳಹೊಕ್ಕ ಮೇಲೆ ಅಡ್ಡ ತಿರುಗಿ ಸಿಕ್ಕಿಕೊಳ್ಳುತ್ತದೆ, ಪ್ರಾಣಿ ಎಷ್ಟು ಎಳೆದರೂ ಬಿಡುವುದಿಲ್ಲ. ಆ ಜಾಣತನ ಇನ್ಯುಯಿಟ್ ಜನರದೇ, ಮೂಳೆ ದಂತದಲ್ಲಿ ಕೆತ್ತಿದ್ದು. ಅಲಗಿನ ಕಲ್ಲು ಹೋಗಿ ಕಬ್ಬಿಣ ಬಂತು, ಅಷ್ಟೇ.

ಮನೆಯೊಳಗೆ ಇಣುಕೋಣ. ಅರ್ಧ ನೆಲದೊಳಗೆ ಇಳಿದ ಮನೆ, ಕಲ್ಲು, ಹುಲ್ಲುಹೆಂಟೆ, ತಿಮಿಂಗಿಲದ ಮೂಳೆಯಿಂದ ಕಟ್ಟಿದ್ದು. ಒಳಗೆ ಬರಲು ತೆವಳುವ ಸುರಂಗ. ಅದು ಮನೆಯ ನೆಲಕ್ಕಿಂತ ತಗ್ಗಿನಲ್ಲಿರುವುದರಿಂದ ತಣ್ಣನೆ ಗಾಳಿ ಅಲ್ಲೇ ನಿಲ್ಲುತ್ತದೆ. ಬೆಳಕಿಗೂ ಅಡುಗೆಗೂ ಬಳಪದ ಕಲ್ಲಿನ ದೀಪ, ಅದರಲ್ಲಿ ಸೀಲ್ ಎಣ್ಣೆ. (ಬೇಲೂರಿನ ಶಿಲ್ಪಿಗಳು ಕೆತ್ತಿದ್ದೂ ಬಳಪದ ಕಲ್ಲನ್ನೇ.) ಸಾಮಾನ್ಯವಾಗಿ ಒಂದು ಸಂಸಾರಕ್ಕೆ ಒಂದು ದೀಪ. ಆದ್ದರಿಂದ ದೀಪ ಇಡುತ್ತಿದ್ದ ಜಾಗಗಳನ್ನು ಎಣಿಸಿದರೆ ಮನೆಯಲ್ಲಿ ಎಷ್ಟು ಸಂಸಾರ ಇತ್ತು ಅಂತ ಗೊತ್ತಾಗುತ್ತದೆ. 18ನೇ ಶತಮಾನದಲ್ಲಿ ಈ ಮನೆಗಳು ದೊಡ್ಡದಾದವು. ಒಂದೇ ಸೂರಿನಡಿ ಇಪ್ಪತ್ತು ಜನ, ಕೆಲವೊಮ್ಮೆ ಇನ್ನೂ ಜಾಸ್ತಿ. ಚಳಿ ಹೆಚ್ಚಾಯಿತು ಅಂತ ಕೆಲವರ ವಾದ. ವ್ಯಾಪಾರ ಹಿಡಿದ ಯಜಮಾನರು ಸುತ್ತ ಜನ ಕೂಡಿಸಿಕೊಂಡರು ಅಂತ ಇನ್ನು ಕೆಲವರು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ, ಏಕೆಂದರೆ ಈ ಮನೆಗಳಲ್ಲೇ ಯುರೋಪಿನ ಸರಕು ರಾಶಿ ರಾಶಿ ಸಿಗುತ್ತದೆ.

1771ರಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ಪಾದ್ರಿಗಳು ಇದೇ ಕರಾವಳಿಯ ನೈನ್ ಎಂಬಲ್ಲಿ ನೆಲೆ ನಿಂತರು. ಚರ್ಚು, ಅಂಗಡಿ ಎರಡೂ ಅವರದೇ. ಅಂಗಡಿಯಿಂದ ಪಿಂಗಾಣಿ ಬಂತು. ನೈನ್‌ನ ತಿಪ್ಪೆಯಲ್ಲಿ ಸಿಕ್ಕ ಚೂರುಗಳಲ್ಲಿ ಬಣ್ಣದ ಅಚ್ಚೊತ್ತಿದ ಬೋಗುಣಿಗಳಿಗೇ ಮುಖ್ಯ ಜಾಗ. ಮಾಂಸ ಬೇಯಿಸಿ ಸಾರಿನ ಸಮೇತ ಉಣ್ಣುವವರಿಗೆ ಚಪ್ಪಟೆ ತಟ್ಟೆ ಯಾಕೆ? ಒಡೆದದ್ದನ್ನು ಬಿಸಾಡುತ್ತಲೂ ಇರಲಿಲ್ಲ. ಬಿರುಕಿನ ಎರಡೂ ಬದಿಗೆ ಸಣ್ಣ ತೂತು ಕೊರೆದು ಬಿಗಿದು ಕಟ್ಟುವುದು ಕಲ್ಲಿನ ಮಡಕೆಗೆ ಮೊದಲಿಂದ ಮಾಡುತ್ತಿದ್ದ ರಿಪೇರಿ. ಪಿಂಗಾಣಿಗೂ ಅದನ್ನೇ ಮಾಡಿದರು.

ಬಂದದ್ದೆಲ್ಲಾ ಇವರು ಆರಿಸಿಕೊಂಡದ್ದಲ್ಲ, ಅದನ್ನೂ ಹೇಳಬೇಕು. ಅಂಗಡಿಯ ಹಿಂದೆ ಸಾಲ ಬಂತು. 1918ರಲ್ಲಿ ಮಿಷನ್ನಿನ ಸರಕು ಹಡಗು ಫ್ಲೂ ಜ್ವರವನ್ನೂ ತಂದಿತು. ಓಕಾಕ್ ಎಂಬ ಊರಿನ 263 ಜನರಲ್ಲಿ 204 ಮಂದಿ ಸತ್ತರು. ಉಳಿದವರು ಊರು ಬಿಟ್ಟರು.

2005ರಿಂದ ಲ್ಯಾಬ್ರಡಾರ್ ಇನ್ಯುಯಿಟ್ ಜನರಿಗೆ ನುನಾಟ್ಸಿಯಾವುಟ್ ಎಂಬ ತಮ್ಮದೇ ಸರ್ಕಾರವಿದೆ. ಅವರ ನೆಲದಲ್ಲಿ ಈಗ ಯಾರೇ ಅಗೆಯಬೇಕೆಂದರೂ ಮೊದಲು ಅವರನ್ನು ಕೇಳಬೇಕು.

ನಮಸ್ಕಾರ.