ಮನೆ ಇನ್ಶೂರೆನ್ಸ್: ಸೈಟಿನ ರೇಟ್ ಬಿಡಿ, ಕಟ್ಟೋ ಖರ್ಚು ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಆಕಡೆ ಕೋಲಾರ, ಮುಳಬಾಗಿಲು, ಎಲ್ಲಾ ಕಡೆ ಸ್ವಂತ ಮನೆ ಕಟ್ಕೊಂಡಿರೋರು, ಈಗ ಕಟ್ತಾ ಇರೋರು, ಲೋನಿಗೆ ಬ್ಯಾಂಕ್ ಸುತ್ತಾ ಇರೋರು, ನೀವೆಲ್ಲಾ ಕೇಳ್ತಿದೀರ ಅಂದ್ಕೊಂಡೇ ಮಾತಾಡ್ತೀನಿ. ನಾನು ಇನ್ಶೂರೆನ್ಸ್ ಮಾರೋನಲ್ಲ. ನಾನು ಸರ್ವೇಯರ್. ಮನೆಗೆ ಬೆಂಕಿ ಬಿದ್ಮೇಲೆ, ನೀರು ನುಗ್ಗಿದ್ಮೇಲೆ ಬಂದು ಟೇಪು ಹಿಡಿದು ಅಳತೆ ಮಾಡಿ ಇಷ್ಟು ನಷ್ಟ ಆಗಿದೆ ಅಂತ ರಿಪೋರ್ಟ್ ಬರೆಯೋದು ನನ್ನ ಕೆಲಸ.

ಒಂದೇ ವಿಷಯ ಹೇಳೋಕೆ ಬಂದಿದೀನಿ. ನಿಮ್ಮ ಮನೆ ಇನ್ಶೂರೆನ್ಸ್ ಎಷ್ಟು ದುಡ್ಡಿಗೆ ಇರ್ಬೇಕು? ಇವತ್ತು ಆ ಮನೆ ಪೂರ್ತಿ ಬಿದ್ದುಹೋದ್ರೆ ಅದೇ ಜಾಗದಲ್ಲಿ ಅಂಥದ್ದೇ ಮನೆ ಮತ್ತೆ ಕಟ್ಟೋಕೆ ಎಷ್ಟಾಗುತ್ತೋ ಅಷ್ಟಕ್ಕೆ. ಮಾರಿದ್ರೆ ಎಷ್ಟು ಬರುತ್ತೆ ಅಂತ ಕೇಳ್ಬೇಡಿ, ಲೋನ್ ಎಷ್ಟಿದೆ ಅಂತ ನೋಡ್ಬೇಡಿ. ಮತ್ತೆ ಕಟ್ಟೋ ಖರ್ಚು, ಅಷ್ಟೇ. ಇದನ್ನ ಹೋದ ಕಡೆಯೆಲ್ಲಾ ಹೇಳ್ತೀನಿ, ತಲೆ ಆಡಿಸ್ತಾರೆ, ಆಮೇಲೆ ಹೋಗಿ ಸೈಟಿನ ರೇಟೇ ಬರೆಸ್ತಾರೆ.

ಚಿಂತಾಮಣಿ ಹತ್ರ ನಡೆದಿದ್ದು ಹೇಳ್ತೀನಿ, 2021ಕ್ಕೂ ಹಿಂದಿನ ಮಾತು, ಹಳೇ ಥರದ ಪಾಲಿಸಿ ಇದ್ದ ಕಾಲ. ಹೈಸ್ಕೂಲ್ ಮೇಷ್ಟ್ರೊಬ್ರು, ಕೆಳಗೊಂದು ಮೇಲೊಂದು ಅಂತ ಮನೆ ಕಟ್ಸಿದ್ರು, ಒಟ್ಟು 20 ಚದರ. ಒಂದಿನ ಬೆಳಗಿನ ಜಾವ ಗ್ಯಾಸ್ ಲೀಕ್ ಆಗಿರೋದು ಗೊತ್ತಾಗದೆ ಅಡುಗೆಮನೆ ಲೈಟ್ ಸ್ವಿಚ್ ಹಾಕಿದಾರೆ, ಸಿಡೀತು. ಮನೆಯವ್ರ ಕೈಗೆ ಸುಟ್ಟ ಗಾಯ, ಅದು ಬಿಟ್ರೆ ಜೀವಕ್ಕೆ ಯಾರಿಗೂ ಏನೂ ಆಗ್ಲಿಲ್ಲ, ಅದೇ ಪುಣ್ಯ. ನಾನು ಹೋದಾಗ ಎರಡು ಗೋಡೆ ಪೂರ್ತಿ ಹೋಗಿತ್ತು, ಮೋಲ್ಡು ಬಿರುಕು ಬಿಟ್ಟು ಕಂಬಿ ಕಾಣ್ತಿತ್ತು, ಕಿಟಕಿ ಚೌಕಟ್ಟು ರಸ್ತೇಲಿ ಬಿದ್ದಿತ್ತು. ಲೆಕ್ಕ ಹಾಕಿದ್ರೆ ಸರಿಮಾಡೋಕೆ 15 ಲಕ್ಷ. ಮೇಷ್ಟ್ರು ಕಡತ ತಂದಿಟ್ರು, ಅಚ್ಚುಕಟ್ಟಾಗಿ, ಎಲ್ಲಾ ರಸೀದಿ ಪಿನ್ ಮಾಡಿ. "ಸಾರ್, ಪಾಲಿಸಿ 12 ಲಕ್ಷಕ್ಕಿದೆ, ನಷ್ಟ 15 ಆದ್ರೂ ಪರವಾಗಿಲ್ಲ, 12 ಬಂದ್ರೆ ಮಿಕ್ಕಿದ್ದು ಹೆಂಗೋ ಹೊಂದಿಸ್ತೀನಿ" ಅಂದ್ರು. ಯಾಕೆ 12 ಅಂದ್ರೆ, ಬ್ಯಾಂಕಲ್ಲಿ ತಗೊಂಡಿದ್ದ ಲೋನ್ 12 ಲಕ್ಷ, ಲೋನ್ ಕಾಗದಗಳ ಜೊತೆ ಪಾಲಿಸಿಗೂ ಸೈನ್ ಹಾಕಿಸ್ಕೊಂಡು ಅದೇ ನಂಬರ್ ಬರೆದಿದ್ರು. ಮನೆಗೆ ಆಗಿದ್ದ ಖರ್ಚೇನು ಅಷ್ಟೇನಾ? ಪಿಎಫ್ ದುಡ್ಡು ಹಾಕಿದ್ರು, ಮನೆಯವ್ರ ಒಡವೆ ಅಡ ಇಟ್ಟಿದ್ರು.

ಆಗ ಮೇಸ್ತ್ರಿ ರೇಟು ಚದರಕ್ಕೆ ಒಂದೂವರೆ ಲಕ್ಷ ಇತ್ತು, 20 ಚದರ ಅಂದ್ರೆ 30 ಲಕ್ಷದ ಮನೆ. 30 ಲಕ್ಷದ ಮನೇನ 12ಕ್ಕೆ ಇನ್ಶೂರ್ ಮಾಡ್ಸಿದ್ರೆ ನೂರಕ್ಕೆ 40 ಪಾಲು ಮಾತ್ರ ಕಂಪನಿದು, ಮಿಕ್ಕ 60 ಪಾಲು ರಿಸ್ಕ್ ನೀವೇ ಇಟ್ಕೊಂಡಿದೀರ ಅಂತ ಹಳೇ ಪಾಲಿಸಿ ಲೆಕ್ಕ, ಆ ಷರತ್ತಿಗೆ ಆವರೇಜ್ ಕ್ಲಾಜ್ ಅಂತಿದ್ರು. ಹಂಗಾಗಿ 15 ಲಕ್ಷ ನಷ್ಟದಲ್ಲಿ 40 ಪಾಲು, 6 ಲಕ್ಷ. ಆ 6 ಲಕ್ಷದಲ್ಲೂ ಬ್ಯಾಂಕ್ ಹೆಸರು ಪಾಲಿಸೀಲಿ ಇದ್ದಿದ್ರಿಂದ ಬಾಕಿ ಮೊದ್ಲು ಹಿಡ್ಕೊಂಡ್ರು. ಮೇಷ್ಟ್ರು ಮಾತಾಡ್ಲಿಲ್ಲ. ಅವ್ರ ಮನೆಯವ್ರು ಕೈಗೆ ಬಟ್ಟೆ ಸುತ್ಕೊಂಡು ಬಾಗಿಲಲ್ಲಿ ನಿಂತಿದ್ರು, "ಅಣ್ಣಾ, ಒಂದು ವರ್ಷನೂ ಬಿಡ್ದೆ ಪ್ರೀಮಿಯಂ ಕಟ್ಟಿದೀವಲ್ಲಾ" ಅಂತ ಕೇಳಿದ್ರು. ಕಟ್ಟಿದ್ದು ನಿಜ. ಕಟ್ಟಿದ್ದು 12 ಲಕ್ಷದ್ದು.

ಇನ್ನೂ ಇದೆ ಕೇಳಿ. ಅದೇ ಸ್ಫೋಟಕ್ಕೆ ಪಕ್ಕದ ಮನೆ ಗೋಡೆನೂ ಸೀಳಿತ್ತು. ಆ ಮನೆ ಟೊಮೆಟೊ ಮಂಡಿ ಇಟ್ಕೊಂಡಿದ್ದ ಯಜಮಾನ್ರದ್ದು, ಅವ್ರು ಪಾಲಿಸಿ ಮಾಡ್ಸಿದ್ದು 85 ಲಕ್ಷಕ್ಕೆ. ಮೇನ್ ರೋಡಿನ ಸೈಟು, ಯಾರೋ 85ಕ್ಕೆ ಕೇಳಿದ್ರಂತೆ, ಅದೇ ಬರೆಸಿಬಿಟ್ಟಿದ್ರು. ರಿಪೇರಿಗೆ ಆಗಿದ್ದು ಎರಡೂವರೆ ಲಕ್ಷ, ಅವ್ರಿಗೆ ಬಂದಿದ್ದೂ ಎರಡೂವರೆ ಲಕ್ಷವೇ. "ಏನ್ ಸಾರ್, 85 ಲಕ್ಷದ ಪಾಲಿಸಿಗೆ ಇಷ್ಟೇನಾ" ಅಂತ ರೇಗಿದ್ರು. ಇನ್ನೆಷ್ಟು ಕೊಡ್ತಾರೆ? ಮನೆ ಪೂರ್ತಿ ಬಿದ್ದಿದ್ರೂ ಕಟ್ಟೋ ಖರ್ಚು 30, 35 ದಾಟ್ತಿರ್ಲಿಲ್ಲ. ಮಿಕ್ಕ 50 ಲಕ್ಷ ಭೂಮಿ ಬೆಲೆ. ಭೂಮಿ ಸುಡಲ್ಲ. ಸುಡದೇ ಇರೋದಕ್ಕೆ ವರ್ಷಾ ವರ್ಷ ಪ್ರೀಮಿಯಂ ಕಟ್ಟಿದ್ರು. ಒಂದೇ ಬೀದಿ, ಪಕ್ಕಪಕ್ಕದ ಮನೆ, ಒಬ್ರದ್ದು ಕಮ್ಮಿ ಆಯ್ತು ಇನ್ನೊಬ್ರದ್ದು ಜಾಸ್ತಿ ಆಯ್ತು, ಇಬ್ರೂ ಮೇಸ್ತ್ರೀನ ಒಂದು ಮಾತು ಕೇಳಿರ್ಲಿಲ್ಲ.

ಸರಿ, ಈಗಿನ ವಿಷಯ. 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಅಂತ ಒಂದು ಪಾಲಿಸಿ ಬಂದಿದೆ. ಐಆರ್‌ಡಿಎಐ ಅಂದ್ರೆ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಸರ್ಕಾರಿ ಸಂಸ್ಥೆ, ಅದು ಹೇಳಿ ಮಾಡ್ಸಿರೋದು, ಯಾವ ಕಂಪನಿಗೆ ಹೋದ್ರೂ ನಿಯಮ ಒಂದೇ. ಅಂಗಡಿಗೆ ಹೋದಂಗೆ ಹೆಸರು ಹೇಳಿ ಕೇಳಿ. ಇದರಲ್ಲಿ ಆ ಆವರೇಜ್ ಕಡಿತ ತೆಗೆದುಹಾಕಿದಾರೆ. ಇವತ್ತಾಗಿದ್ರೆ ಮೇಷ್ಟ್ರಿಗೆ 6ರ ಬದ್ಲು 12 ಲಕ್ಷ ಬರ್ತಿತ್ತು. ಆದ್ರೂ 3 ಲಕ್ಷ ಕೈಯಿಂದ, ಮನೆ ಪೂರ್ತಿ ಹೋಗಿದ್ರೆ 18 ಲಕ್ಷ ಕೈಯಿಂದ, ಯಾಕಂದ್ರೆ ಬರೆಸಿದ ಮೊತ್ತದ ಮೇಲೆ ಒಂದು ರೂಪಾಯಿನೂ ಕೊಡಲ್ಲ. ಅದಕ್ಕೇ ಹೇಳೋದು, ಮತ್ತೆ ಕಟ್ಟೋ ಖರ್ಚು.

ಲೆಕ್ಕ ಕಷ್ಟ ಏನಿಲ್ಲ. ನಿಮ್ಮ ಬೀದೀಲೇ ಈಗ ಯಾರಾದ್ರೂ ಮನೆ ಕಟ್ತಿರ್ತಾರೆ, ಅಲ್ಲಿ ಮೇಸ್ತ್ರೀನ ಕೇಳಿ, ಮೆಟೀರಿಯಲ್ ಸೇರಿ ಚದರಕ್ಕೆ ಎಷ್ಟಪ್ಪಾ ಅಂತ. 2 ಲಕ್ಷ ಅಂದ ಅಂತಿಟ್ಕೊಳ್ಳಿ, ನಿಮ್ದು 12 ಚದರ, 24 ಲಕ್ಷ ಆಯ್ತು. ಫಾರಂನಲ್ಲಿ ಕಾರ್ಪೆಟ್ ಏರಿಯಾ ಅಂತ ಕೇಳ್ತಾರೆ, ಗೋಡೆ ಒಳಗಡೆ ಓಡಾಡೋ ಜಾಗ ಅದು. ಆಮೇಲೆ ಕಾಂಪೌಂಡ್, ಗೇಟು, ಸಂಪು, ಮೇಲಿನ ಟ್ಯಾಂಕು, ಸೋಲಾರ್, ಇವೆಲ್ಲಾ ಮನೆ ಲೆಕ್ಕಕ್ಕೇ ಬರುತ್ತೆ, ಅದರ ಖರ್ಚೂ ಸೇರ್ಸಿ ಬರೆಸಿ, ಸಂಪು ಕಟ್ಟೋಕೇ ಈಗ ಎಷ್ಟಾಗುತ್ತೆ ನಿಮಗೇ ಗೊತ್ತು. ಮನೆ ಹಳೇದು ಅಂತ ಕಡಿತ ಮಾಡಲ್ಲ, ಹೊಸದಾಗಿ ಕಟ್ಟೋ ಖರ್ಚೇ ಕೊಡ್ತಾರೆ, ಹಂಗಾಗಿ ನೀವೂ ಹಳೇ ಮನೆ ಅಂತ ಕಮ್ಮಿ ಬರೆಸ್ಬೇಡಿ. ಪಾಲಿಸಿ 10 ವರ್ಷದವರೆಗೂ ಒಟ್ಟಿಗೆ ತಗೊಳ್ಬೋದು, ಹಂಗೆ ತಗೊಂಡ್ರೆ ವರ್ಷಕ್ಕೆ ನೂರಕ್ಕೆ 10ರಂತೆ ಮೊತ್ತ ತಾನೇ ಏರ್ತಾ ಹೋಗುತ್ತೆ.

ಮನೆ ಒಳಗಿನ ಸಾಮಾನು, ಫ್ರಿಜ್ಜು, ಟೀವಿ, ಮಂಚ, ಬೀರು, ಬಟ್ಟೆಬರೆ ಇದಕ್ಕೆಲ್ಲಾ ಕಟ್ಟಡದ ಮೊತ್ತದಲ್ಲಿ ನೂರಕ್ಕೆ 20ರಷ್ಟು ತಾನಾಗೇ ಸೇರಿರುತ್ತೆ, 10 ಲಕ್ಷದವರೆಗೆ. ಆಗ ಹೇಳಿದ 24 ಲಕ್ಷದ ಲೆಕ್ಕದಲ್ಲಿ 4 ಲಕ್ಷ 80 ಸಾವಿರ. ಒಡವೆ ಇದರಲ್ಲಿ ಇಲ್ಲ. ಚಿನ್ನ ಬೇಕು ಅಂದ್ರೆ ಬೆಲೆ ಹೇಳಿ ಬೇರೆ ಸೇರಿಸ್ಬೇಕು. ಕಳ್ಳತನನೂ ಅಷ್ಟೇ, ಬೆಂಕಿನೋ ನೆರೆನೋ ಆಗಿ ಮನೆ ಬಾಗಿಲು ಮುರ್ದಿರುವಾಗ 7 ದಿನದ ಒಳಗೆ ಕದ್ರೆ ಮಾತ್ರ ಕೊಡ್ತಾರೆ, ಊರಿಗೆ ಹೋದಾಗ ಬೀಗ ಒಡೆದ್ರೆ ಇದರಲ್ಲಿ ಬರಲ್ಲ, ಬರ್ಗ್ಲರಿ ಪಾಲಿಸಿ ಅಂತ ಬೇರೆ ಇದೆ.

ನಮ್ಮ ಕಡೆ ಏನಾಗುತ್ತೆ ಬಿಡಿ ಸಾರ್, ಬಯಲುಸೀಮೆ, ಮಳೆನೇ ಇಲ್ಲ ಅಂತಾರೆ. 2021ರ ನವೆಂಬರ್ ಮರೆತುಹೋಯ್ತಾ? ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳೆಲ್ಲಾ ಕೋಡಿ ಬಿದ್ದು ಬಡಾವಣೆಗಳಿಗೆ ನೀರು ನುಗ್ತು, ಎಷ್ಟು ಗೋಡೆ ಕುಸಿದ್ವು. ಮರು ತಿಂಗಳು ಡಿಸೆಂಬರಲ್ಲಿ ಚಿಕ್ಕಬಳ್ಳಾಪುರ ತಾಲೂಕು ಮಂಡಿಕಲ್ ಕಡೆ ಭೂಮಿ ನಡುಗಿ ಜನ ಮನೆ ಬಿಟ್ಟು ಹೊರಗೆ ಬಂದ್ರು. ಬೆಂಕಿ, ಸಿಡಿಲು, ಸಿಲಿಂಡರ್ ಸ್ಫೋಟ, ನೆರೆ, ಬಿರುಗಾಳಿ, ಭೂಕಂಪ, ಟ್ಯಾಂಕ್ ಪೈಪ್ ಒಡೆಯೋದು, ಗಲಾಟೇಲಿ ಕಲ್ಲು ತೂರೋದು, ಲಾರಿ ಬಂದು ಗೋಡೆಗೆ ಗುದ್ದೋದು, ಎಲ್ಲಾ ಒಂದೇ ಪಾಲಿಸೀಲಿ ಇದೆ. ವರ್ಷ ವರ್ಷ ಸೋರಿ ಸೋರಿ ಹಾಳಾದ ಗೋಡೆಗೆ ಮಾತ್ರ ಕೊಡಲ್ಲ, ಅದು ನೀವು ನೋಡ್ಕೋಬೇಕಾದ್ದು. ಶಿಡ್ಲಘಟ್ಟದಲ್ಲಿ ಮನೆ ಕೆಳಗೇ ರೇಷ್ಮೆ ನೂಲು ತೆಗೆಯೋ ಘಟಕ ಇಟ್ಕೊಂಡಿರೋರು ಅದನ್ನ ಮೊದ್ಲೇ ಹೇಳ್ಬೇಕು, ಅದಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅಂತ ಬೇರೆ ಪಾಲಿಸಿ.

ಟೈಮ್ ಆಗ್ತಿದೆ ಅಂತ ಸನ್ನೆ ಮಾಡ್ತಿದಾರೆ, ಬೇಗ ಹೇಳ್ಬಿಡ್ತೀನಿ. ಏನಾದ್ರೂ ಆದ್ರೆ ಅವತ್ತೇ ಕಂಪನಿಗೆ ಫೋನ್ ಮಾಡಿ, ಎಲ್ಲಾ ಮೂಲೆದೂ ಫೋಟೋ ತೆಗೀರಿ, ಸರ್ವೇಯರ್ ಬರೋ ತನಕ ಮುರಿದಿದ್ದು ಸುಟ್ಟಿದ್ದು ಎಸೀಬೇಡಿ, ಎಸೆದ್ರೆ ನಾವು ಏನ್ ನೋಡಿ ಬರೆಯೋದು? ಕ್ಲೇಮ್ ಅನ್ಯಾಯವಾಗಿ ಕಮ್ಮಿ ಮಾಡಿದ್ರೆ ಮೊದ್ಲು ಕಂಪನಿಗೇ ಬರವಣಿಗೇಲಿ ದೂರು ಕೊಡಿ, ಒಂದು ತಿಂಗಳಾದ್ರೂ ಸರಿ ಹೋಗ್ಲಿಲ್ಲಾಂದ್ರೆ ಬೆಂಗಳೂರಲ್ಲಿ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಆಫೀಸ್ ಇದೆ, 50 ಲಕ್ಷದವರೆಗಿನ ತಕರಾರು ನೋಡ್ತಾರೆ, ಫೀಸು ಇಲ್ಲ, ಲಾಯರೂ ಬೇಡ. ಐಆರ್‌ಡಿಎಐ ಸಹಾಯವಾಣಿ 155255.

ಬಾಡಿಗೆ ಮನೇಲಿ ಇರೋ ಅಮ್ಮಂದ್ರು ಕೆಲವ್ರು ನಮಗೇನಿದೆ ಇದರಲ್ಲಿ ಅಂತ ಕೇಳ್ತಿರ್ತೀರ. ಓನರ್ ಪಾಲಿಸಿ ನಿಮ್ಮ ಫ್ರಿಜ್ಜು ಕೊಡ್ಸಲ್ಲ. ಸಾಮಾನಿಗೆ ಮಾತ್ರ ಅಂತ ಪಾಲಿಸಿ ತಗೊಳ್ಬೋದು, ಅಲ್ಲೂ ಇವತ್ತು ಅಂಗಡೀಲಿ ಹೊಸದು ಕೊಂಡ್ರೆ ಎಷ್ಟಾಗುತ್ತೋ ಅದನ್ನೇ ಕೂಡಿ ಬರೆಸಿ. ನಮಸ್ಕಾರ.